ಬತ್ತಿಗಿಂತ ಮೊದಲು ಮೇಣ

ಮೇಣದ ಬತ್ತಿ ಎರೆಯುವುದು ಅರ್ಧ ಗಂಟೆಯ ಕೆಲಸ. ಅದಕ್ಕೆ ಬೇಕಾದ ಮೇಣವನ್ನು ಹಸನು ಮಾಡುವುದೇ ದೊಡ್ಡ ಬದುಕು. ಉಚ್ಚಂಗಿದುರ್ಗದ ನಮ್ಮ ಮನೆಯಲ್ಲಿ ಕೆಲವು ವರ್ಷಗಳಿಂದ ಜೇನುಮೇಣದ ಬತ್ತಿ ಮಾಡುತ್ತಿದ್ದೇನೆ. ಕಲಿಯಬೇಕು ಅಂತ ಯಾರಾದರೂ ಬಂದರೆ ಮೊದಲು ಅಚ್ಚು ತೋರಿಸುವುದಿಲ್ಲ, ಹಿತ್ತಲಲ್ಲಿ ಮಳೆನೀರು ತುಂಬಿಟ್ಟ ಡ್ರಮ್ಮು ತೋರಿಸುತ್ತೇನೆ.

ನಮ್ಮ ಕಡೆ ಮೇಣಕ್ಕೆ ಬರವೇನೂ ಇಲ್ಲ, ಅದನ್ನು ಎತ್ತಿಟ್ಟುಕೊಳ್ಳುವವರಿಗೆ ಬರ. ಹೆಜ್ಜೇನು ಗುಡ್ಡದ ಬಂಡೆಯ ಚಾಚಿನಲ್ಲಿ, ದೊಡ್ಡ ಹುಣಸೆಮರದಲ್ಲಿ, ನೀರಿನ ಟ್ಯಾಂಕಿನ ಅಡಿಯಲ್ಲಿ ಕಟ್ಟುತ್ತದೆ. ಜೇನು ಬಿಡಿಸುವವರು ಹೊಗೆ ಹಾಕಿ ಇಳಿಸುತ್ತಾರೆ, ತುಪ್ಪ ಹಿಂಡುತ್ತಾರೆ, ಹಿಪ್ಪೆಯನ್ನು ಅಲ್ಲೇ ಬಿಸಾಕಿ ಹೋಗುತ್ತಾರೆ. "ಅದನ್ನ ತಗೊಂಡು ಏನ್ ಮಾಡ್ತೀಯಕ್ಕಾ, ಇರಿವಿ ಮುತ್ತಿಕೊಳ್ತಾವ, ತಿಪ್ಪಿಗಿ ಹಾಕು" ಎಂದು ನನಗೂ ಹೇಳಿದ್ದರು. ಈಗ ಅವರೇ ಚೀಲದಲ್ಲಿ ಕಟ್ಟಿ ತಂದುಕೊಡುತ್ತಾರೆ. ದುಡ್ಡು ಕೊಡುತ್ತೇನೆ, ಜೊತೆಗೆ ಒಂದು ಕರಾರು: ತುಪ್ಪ ಇರುವ ಭಾಗವನ್ನಷ್ಟೇ ಕೊಯ್ದು, ಮರಿ ಇರುವ ಭಾಗವನ್ನು ಬಿಟ್ಟುಬರಬೇಕು. ಮರಿಯ ಭಾಗದಿಂದ ಮೇಣವೂ ಹೆಚ್ಚು ಬರುವುದಿಲ್ಲ. ಹುಳು ಬೆಳೆದು ಹೋದ ಕೋಶಗಳಲ್ಲಿ ಅದರ ಪೊರೆ ಉಳಿದಿರುತ್ತದೆ, ಕರಗಿಸುವಾಗ ಆ ಪೊರೆಯೇ ಮೇಣವನ್ನು ಹೀರಿಕೊಳ್ಳುತ್ತದೆ. ಕಪ್ಪಗಾದ ಹುಟ್ಟು ನೋಡಲು ಎಷ್ಟು ದೊಡ್ಡದಿದ್ದರೂ ಕೈಗೆ ಹತ್ತುವುದು ಸ್ವಲ್ಪವೇ.

ಬತ್ತಿಗೋಸ್ಕರ ಹುಟ್ಟು ಕೊಯ್ಯಿಸಬಾರದು ಎಂದು ನಾನು ನಿಶ್ಚಯ ಮಾಡಿಕೊಂಡಿದ್ದಕ್ಕೆ ಒಂದು ಲೆಕ್ಕವಿದೆ. ಎಳೆಯ ಕೆಲಸಗಾರ ಹುಳುಗಳ ಹೊಟ್ಟೆಯಡಿ ನಾಲ್ಕು ಜೊತೆ ಗ್ರಂಥಿಗಳಿರುತ್ತವೆ, ಅಲ್ಲಿಂದ ಮೇಣ ಸಣ್ಣ ಪೊರೆಯಾಗಿ ಇಳಿಯುತ್ತದೆ. 1 ಕಿಲೋ ಮೇಣ ತಯಾರಿಸಲು ಹುಳುಗಳು 6ರಿಂದ 8 ಕಿಲೋ ಜೇನುತುಪ್ಪ ತಿನ್ನಬೇಕು ಎಂಬುದು ಜೇನು ಸಾಕುವವರಲ್ಲಿ ರೂಢಿಯ ಲೆಕ್ಕ. ಅಂದರೆ 100 ಗ್ರಾಮಿನ ಒಂದು ಬತ್ತಿಯಲ್ಲಿ ಅರ್ಧ ಕಿಲೋಗೂ ಮೀರಿದ ತುಪ್ಪ ಸೇರಿದೆ. ಸುತ್ತಲ ಹೊಲಗಳಲ್ಲಿ ಈಗ ಎಲ್ಲಿ ನೋಡಿದರೂ ಮೆಕ್ಕೆಜೋಳ. ಅದರಲ್ಲಿ ಜೇನಿಗೆ ಪರಾಗವೇನೋ ಸಿಗುತ್ತದೆ, ಮಕರಂದ ಸಿಗುವುದಿಲ್ಲ. ಬದುವಿನ ಹೊಂಗೆ, ಬೇವು, ಹುಣಸೆಯ ಹೂವೇ ಅವಕ್ಕೆ ಗತಿ. ತುಡುವೆ ಪೆಟ್ಟಿಗೆ ಇಟ್ಟವರಾದರೆ ಯಂತ್ರದಲ್ಲಿ ತಿರುಗಿಸಿ ತುಪ್ಪ ತೆಗೆದು, ಹುಟ್ಟನ್ನು ಹಾಗೇ ಹುಳುಗಳಿಗೆ ವಾಪಸು ಕೊಡುತ್ತಾರೆ. ಅವರಲ್ಲಿ ಸಿಗುವುದು ಕೋಶದ ಬಾಯಿ ಮುಚ್ಚಿದ ತೆಳು ಮುಚ್ಚಳದ ಮೇಣ ಮಾತ್ರ. ಅಳತೆಯಲ್ಲಿ ಹಿಡಿಯಷ್ಟು, ಗುಣದಲ್ಲಿ ಅದಕ್ಕಿಂತ ಒಳ್ಳೆಯದಿಲ್ಲ.

ತಂದ ಹಿಪ್ಪೆಯನ್ನು ನಾಳೆ ನೋಡೋಣ ಎಂದು ಇಡುವ ಹಾಗಿಲ್ಲ. ಮೇಣದ ಚಿಟ್ಟೆ ಮೊಟ್ಟೆಯಿಟ್ಟರೆ ಹುಳು ಬಿದ್ದು, ಚೀಲದ ತುಂಬ ಬಲೆ ನೇಯ್ದುಬಿಡುತ್ತದೆ. ತಣ್ಣೀರಲ್ಲಿ ನೆನೆಸಿ, ಕಿವುಚಿ, ಉಳಿದ ತುಪ್ಪವೆಲ್ಲ ಬಿಟ್ಟ ಮೇಲೆ ಹಳೆಯ ಪಂಚೆಯಲ್ಲಿ ಗಂಟು ಕಟ್ಟಬೇಕು. ಗಂಟಿನೊಳಗೆ ತೊಳೆದ ಕಲ್ಲೊಂದನ್ನು ಇಟ್ಟರೆ ಅದು ತೇಲದೆ ಪಾತ್ರೆಯ ತಳಕ್ಕೆ ಕೂರುತ್ತದೆ. ನೀರು ಕಾಯುತ್ತಿದ್ದಂತೆ ಮೇಣ ಕರಗಿ, ಬಟ್ಟೆಯಿಂದ ಜಿನುಗಿ, ಮೇಲೆ ಬಂದು ನಿಲ್ಲುತ್ತದೆ. ಕಟ್ಟಿಗೆಯಿಂದ ಗಂಟನ್ನು ಆಗಾಗ ಒತ್ತುತ್ತಿರಬೇಕು. ನೀರು ಕುದಿಯಬಾರದು.

ಡ್ರಮ್ಮಿನ ಮಳೆನೀರು ಬೇಕಾಗುವುದು ಇಲ್ಲೇ. ನಮ್ಮ ಬೋರ್‌ವೆಲ್ ನೀರು ಗಡಸು, ಕುಕ್ಕರಿನ ಒಳಮೈ ನೋಡಿದರೇ ಗೊತ್ತಾಗುತ್ತದೆ. ಜೇನುಮೇಣದಲ್ಲಿ ಸ್ವಲ್ಪ ಪಾಲು ಕೊಬ್ಬಿನ ಆಮ್ಲಗಳಿರುತ್ತವೆ. ಗಡಸು ನೀರಿನ ಸುಣ್ಣದ ಅಂಶ ಅವುಗಳ ಜೊತೆ ಸೇರಿ ಒಂಥರಾ ಸಾಬೂನು ಆಗಿಬಿಡುತ್ತದೆ. ಆರಿದ ಮೇಲೆ ಬಿಲ್ಲೆಯ ಅಡಿಗೆ ಬೆಂದ ನುಚ್ಚಿನ ಹಾಗೆ ಬೂದು ಬಣ್ಣದ ಮೆತ್ತನೆ ಪದರ ಕಟ್ಟಿರುತ್ತದೆ. ಅದು ಮೇಣವೂ ಅಲ್ಲ, ಕಸವೂ ಅಲ್ಲ. ಆ ಪದರ ಸೇರಿದ ಬತ್ತಿ ಚಟಚಟ ಸಿಡಿಯುತ್ತ ಉರಿಯುತ್ತದೆ. ಮಳೆನೀರು ತೀರಿದಾಗ ಐದು ರೂಪಾಯಿ ನಾಣ್ಯ ಹಾಕಿ ಶುದ್ಧ ನೀರಿನ ಘಟಕದಿಂದ ಕ್ಯಾನ್ ತುಂಬಿಸಿಕೊಳ್ಳುತ್ತೇನೆ, ಕೆಲಸ ಕೆಡುವುದಿಲ್ಲ. ಕುಡಿಯೋ ನೀರನ್ನ ಒಲೆ ಮೇಲೆ ಚೆಲ್ಲಾಡ್ತಾಳೆ ಎಂದು ಮನೆಯಲ್ಲಿ ಗೊಣಗುವವರು ಗೊಣಗಲಿ.

ಪಾತ್ರೆ ಸ್ಟೀಲಿನದೇ ಇರಲಿ. ಕಬ್ಬಿಣದ ಬಾಣಲಿಯಲ್ಲಿ ಮೇಣ ಕಂದಾಗುತ್ತದೆ, ತಾಮ್ರ ಹಿತ್ತಾಳೆಯಲ್ಲಿ ಹಸಿರಿಗೆ ತಿರುಗುತ್ತದೆ. ಒಲೆಯಿಂದ ಇಳಿಸಿದ ಪಾತ್ರೆಗೆ ಮುಚ್ಚಳ ಹಾಕಿ, ಗೋಣಿಚೀಲ ಸುತ್ತಿ, ರಾತ್ರಿಯಿಡೀ ಬಿಟ್ಟರೆ ನಿಧಾನವಾಗಿ ಆರುತ್ತದೆ. ಆರುವುದು ತಡವಾದಷ್ಟೂ ಕಸ ಕೆಳಗಿಳಿಯುತ್ತದೆ. ಬೆಳಿಗ್ಗೆ ಬಿಲ್ಲೆ ಎತ್ತಿ, ಅಡಿಗಂಟಿದ ಗಸಿಯನ್ನು ಚಾಕುವಿನಿಂದ ಹೆರೆದು, ಮತ್ತೊಮ್ಮೆ ಕರಗಿಸಿ ಬಟ್ಟೆಯಲ್ಲಿ ಸೋಸಬೇಕು. ಈ ಸಲ ಮೇಣವನ್ನು ಒಲೆಯ ಮೇಲೆ ನೇರವಾಗಿ ಇಡಬಾರದು, ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಬೇಕು. ಜೇನುಮೇಣ ಕರಗುವುದು 62ರಿಂದ 64 ಡಿಗ್ರಿಗೆ. ಕಾವು 200 ಡಿಗ್ರಿ ದಾಟಿತೆಂದರೆ ಅದರ ಆವಿಗೆ ಬೆಂಕಿ ಹತ್ತಬಹುದು. ಹತ್ತಿದರೆ ನೀರು ಸುರಿಯಬಾರದು, ಉರಿಯುವ ಮೇಣ ಸಿಡಿದು ಮೈಮೇಲೇ ಬರುತ್ತದೆ. ಗ್ಯಾಸ್ ಬಂದ್ ಮಾಡಿ ಮುಚ್ಚಳ ಮುಚ್ಚಬೇಕು. ಮುಚ್ಚಳ ಕೈಗೆ ಸಿಗುವಷ್ಟು ಹತ್ತಿರದಲ್ಲಿಲ್ಲದೆ ನಾನು ಒಲೆ ಹಚ್ಚುವುದಿಲ್ಲ.

ಇನ್ನು ಬತ್ತಿಯ ನೂಲು. ನನ್ನನ್ನು ಕೇಳಿದರೆ ಇಡೀ ವಿದ್ಯೆ ಇರುವುದು ಇದರಲ್ಲೇ. ದೇವರ ದೀಪಕ್ಕೆ ಹೊಸೆಯುವ ಬತ್ತಿ ಎಣ್ಣೆಗೆ ಸರಿ, ಮೇಣಕ್ಕೆ ಹೊಂದುವುದಿಲ್ಲ. ಅದು ನೆಟ್ಟಗೆ ನಿಂತು ಉರಿದು ತುದಿಯಲ್ಲಿ ಕರಕು ಕಟ್ಟುತ್ತದೆ, ಹೊಗೆ ಬಿಡುತ್ತದೆ, ಗಳಿಗೆಗೊಮ್ಮೆ ಕತ್ತರಿಸುತ್ತ ಕೂರಬೇಕು. ಹಿಂದೆ ಯೂರೋಪಿನಲ್ಲೂ ಇದೇ ಕಾಟವಿತ್ತು, ಸೊಡರು ಕತ್ತರಿಸಲಿಕ್ಕೆಂದೇ ಬೇರೆ ಕತ್ತರಿ ಇರುತ್ತಿತ್ತು. 1825ರಲ್ಲಿ ಕಾಂಬಸೆರೆಸ್ ಎಂಬ ಫ್ರೆಂಚ್ ಮನುಷ್ಯ ನೂಲನ್ನು ಹೊಸೆಯುವ ಬದಲು ಹೆಣೆದು ನೋಡಿದ. ಹೆಣೆದ ನೂಲು ಉರಿಯುತ್ತ ಒಂದು ಕಡೆಗೆ ಬಾಗುತ್ತದೆ. ತುದಿ ಜ್ವಾಲೆಯ ಅಂಚಿಗೆ ಬರುತ್ತದೆ, ಅಲ್ಲಿ ಗಾಳಿ ಸಿಕ್ಕಿ ತಾನೇ ಸುಟ್ಟು ಬೂದಿಯಾಗುತ್ತದೆ. ಇಷ್ಟು ಗೊತ್ತಾದ ಮೇಲೆ ನಮ್ಮ ಮನೆಯಲ್ಲಿ ಬತ್ತಿ ಹೆಣೆಯುವ ಕೆಲಸ ಮಗಳ ಪಾಲಿಗೆ ಹೋಯಿತು. ಮೂರೆಳೆ ಜಡೆ, ಬಿಗಿ ಎಲ್ಲ ಕಡೆ ಒಂದೇ ಸಮ.

ನೂಲು ಅಪ್ಪಟ ಹತ್ತಿಯದೇ ಆಗಬೇಕು. ಗಿರಣಿಗಳ ಕಾಲದಲ್ಲಿ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡಿದ್ದ ದಾವಣಗೆರೆ ನಮಗೆ ಹತ್ತಿರದ ಪೇಟೆ. ಅಲ್ಲೂ ಈಗ ನೂಲು ಕೊಳ್ಳುವಾಗ ಒಂದೆಳೆ ಸುಟ್ಟು ನೋಡಿಯೇ ತರುತ್ತೇನೆ. ಬೂದಿಯಾಗಿ ಉದುರಿದರೆ ಹತ್ತಿ, ತುದಿಯಲ್ಲಿ ಗಟ್ಟಿ ಮಣಿ ಕಟ್ಟಿದರೆ ಪಾಲಿಯೆಸ್ಟರ್ ಬೆರೆತಿದೆ. ದಪ್ಪದ ವಿಚಾರದಲ್ಲಿ ಅಂಗಡಿಯ ಬತ್ತಿ ನೋಡಿ ಅಳತೆ ಹಿಡಿಯಬಾರದು. ಪ್ಯಾರಾಫಿನ್ ಪೆಟ್ರೋಲಿಯಂನಿಂದ ಬಂದದ್ದು, ಕರಗಿದಾಗ ತೆಳುವಾಗಿ ನೂಲಿನೊಳಗೆ ಸಲೀಸಾಗಿ ಏರುತ್ತದೆ. ಜೇನುಮೇಣ ಮಂದ, ಅದನ್ನೆಳೆಯಲು ದಪ್ಪ ನೂಲು ಬೇಕು. ನೂಲು ಸಣ್ಣದಾದರೆ ದೀಪ ಕರಗಿದ ಮೇಣದಲ್ಲೇ ಮುಳುಗಿ ಆರುತ್ತದೆ. ಹೆಣೆದ ನೂಲನ್ನು ಬಿಸಿ ಮೇಣದಲ್ಲಿ ಇಳಿಬಿಟ್ಟರೆ ಸಣ್ಣ ಸಣ್ಣ ಗುಳ್ಳೆ ಏಳುತ್ತವೆ, ನೂಲಿನೊಳಗಿನ ಗಾಳಿ ಹೊರಗೆ ಬರುತ್ತಿರುತ್ತದೆ. ಗುಳ್ಳೆ ನಿಲ್ಲುವ ತನಕ ಕಾಯಬೇಕು. ಆಮೇಲೆ ಎಳೆದು ನೆಟ್ಟಗೆ ಮಾಡಿ ತೂಗುಹಾಕಬೇಕು.

ಅಚ್ಚಿನಲ್ಲಿ ಎರೆಯುವುದಕ್ಕಿಂತ ಅದ್ದಿ ಮಾಡುವುದು ನನಗಿಷ್ಟ. ಉದ್ದನೆಯ ಡಬ್ಬಿಯಲ್ಲಿ ಮೇಣ ಕರಗಿಸಿ, ನೂಲು ಅದ್ದಿ, ಎತ್ತಿ, ಆರಿಸಿ, ಮತ್ತೆ ಅದ್ದುವುದು. ಮೇಣ 70 ಡಿಗ್ರಿಯ ಆಸುಪಾಸು ಇರಬೇಕು. ಹೆಚ್ಚು ಕಾದಿದ್ದರೆ ಹೊಸ ಪದರ ಹತ್ತುವುದಿರಲಿ, ಹಳೆಯದೂ ಕರಗಿ ಹೋಗುತ್ತದೆ. ಡಬ್ಬಿಯ ಅಂಚಿನಲ್ಲಿ ಮೇಣ ಕೆನೆಗಟ್ಟಲು ಶುರುವಾದರೆ ಅದೇ ಹದ, ಥರ್ಮಾಮೀಟರು ಬೇಕೇಬೇಕು ಅಂತಿಲ್ಲ. ಉಗಾದಿ ಕಳೆದ ಮೇಲಿನ ಬಿಸಿಲಲ್ಲಿ ಈ ಕೆಲಸ ನಡೆಯುವುದಿಲ್ಲ, ಪದರ ಬೇಗ ಆರದೆ ಬತ್ತಿ ಜೋಲುತ್ತದೆ. ದೀಪಾವಳಿಯಿಂದ ಭರತ ಹುಣ್ಣಿಮೆಯವರೆಗೆ ಒಳ್ಳೆಯ ಕಾಲ. ಹುಣ್ಣಿಮೆ ಹತ್ತಿರ ಬಂತೆಂದರೆ ಉಚ್ಚಂಗೆಮ್ಮನ ಜಾತ್ರೆಯ ಜನ, ಮನೆ ತುಂಬ ನೆಂಟರು, ಡಬ್ಬಿ ಅಟ್ಟಕ್ಕೆ ಹೋಗುತ್ತದೆ.

ಜೇನುಮೇಣದ ದೀಪ ಗಾಳಿಯನ್ನು ಶುದ್ಧ ಮಾಡುತ್ತದೆ, ಅದರಿಂದ ಎಂಥದೋ ಅಯಾನುಗಳು ಹೊರಡುತ್ತವೆ ಎಂದೆಲ್ಲ ಹೇಳಿ ಮಾರುತ್ತಾರೆ. ನಾನು ಆ ಮಾತು ಆಡುವುದಿಲ್ಲ, ಅದಕ್ಕೆ ಆಧಾರವಿಲ್ಲ. ಉರಿಯುವುದೆಲ್ಲ ಸ್ವಲ್ಪ ಮಸಿ ಕಾರುತ್ತದೆ, ಕಿಟಕಿ ತೆಗೆದಿಡಬೇಕು. ವಾಸನೆ ಚೆಂದ, ಬೆಳಕು ಹಳದಿ, ಅಂಗಡಿಯ ಬತ್ತಿಗಿಂತ ತಾಳಿಕೆ ಜಾಸ್ತಿ. ಅಷ್ಟು ಸಾಲದೇ? ಕೆಲವು ವಾರಕ್ಕೆ ಮೈಮೇಲೆ ಬಿಳಿ ಪುಡಿ ಕೂತರೆ ಬೂಸರು ಅಂತ ಎಸೆಯಬೇಡಿ. ಮೇಣವೇ ಹೊರಗೆ ಬಂದಿರುತ್ತದೆ, ಮೆತ್ತನೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ.

ನಮ್ಮ ಅತ್ತೆ ಇದನ್ನು ದೇವರ ಜಗುಲಿಗೆ ಹಚ್ಚಗೊಡುವುದಿಲ್ಲ, ಅಲ್ಲಿಗೆ ಎಣ್ಣೆಯ ದೀಪವೇ ಆಗಬೇಕು. ಕ್ರೈಸ್ತರಲ್ಲಿ ಇದಕ್ಕೆ ತಿರುವು ಮುರುವು. ಕೆಥೋಲಿಕ್ ಚರ್ಚುಗಳ ಪೂಜೆಗೆ ಶತಮಾನಗಳ ಕಾಲ ಜೇನುಮೇಣದ ಬತ್ತಿಯೇ ಕಡ್ಡಾಯವಾಗಿತ್ತು. ಅತ್ತೆಗೆ ಬೇಕಾದ್ದು ಬತ್ತಿಯಲ್ಲ, ಮೇಣ. ಅವರ ಕಾಲದ ಹೆಣ್ಣುಮಕ್ಕಳು ಹಣೆಗೆ ಮೊದಲು ಮೇಣ ತೀಡಿ, ಅದರ ಮೇಲೆ ಕುಂಕುಮ ಒತ್ತುತ್ತಿದ್ದರು, ಬೆವರಿಗೂ ಇಳಿಯುತ್ತಿರಲಿಲ್ಲ. ಸೋಸಿದ ಮೊದಲ ಬಿಲ್ಲೆಯಲ್ಲಿ ಅಡಿಕೆಯಷ್ಟು ಅವರ ಪಾಲಿಗೆ ಎತ್ತಿಟ್ಟೇ ಡಬ್ಬಿಗೆ ಹಾಕುವುದು. ಚಪ್ಪಲಿ ಹೊಲಿಯುವ ಅಜ್ಜನೂ ದಾರಕ್ಕೆ ತಿಕ್ಕಲು ಒಂದು ಉಂಡೆ ಕೇಳಿ ಒಯ್ಯುತ್ತಾನೆ.

ಪಾತ್ರೆ ತೊಳೆದ ನೀರನ್ನು ಬಚ್ಚಲಿಗೆ ಬಿಡಬೇಡಿ, ಮೇಣ ಪೈಪಿನಲ್ಲಿ ಹೆಪ್ಪುಗಟ್ಟಿದರೆ ಪ್ಲಂಬರ್ ಖರ್ಚು ಬೇರೆ. ಪಾತ್ರೆ ಬಿಸಿಯಿರುವಾಗಲೇ ಹಳೆ ಪೇಪರಿನಲ್ಲಿ ಒರೆಸಿ, ಆ ಪೇಪರನ್ನೂ ಗಸಿಯನ್ನೂ ಒಣಗಿಸಿ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಸೌದೆ ಹಸಿಯಿದ್ದಾಗ ಹಂಡೆ ಒಲೆ ಹೊತ್ತಿಸಲು ಸೀಮೆಎಣ್ಣೆಯೇ ಬೇಕಾಗುವುದಿಲ್ಲ.