ಒಂದೇ ಹೆಸರಿನ ಪೆಟ್ಟಿಗೆಗಳು

ಚನ್ನಪಟ್ಟಣದ ಬೊಂಬೆಗಳನ್ನು ನೀವು ನೋಡಿರುವಿರಿ. ಅರಗಿನ ಬಣ್ಣದಿಂದ ಹೊಳೆಯುವ ಎರಡು ಬೊಂಬೆಗಳು ನೋಟಕ್ಕೆ ಒಂದೇ ಆಗಿದ್ದರೂ, ಒಂದರ ಒಡಲು ಆಲೆಮರದ್ದಾಗಿ ಇನ್ನೊಂದರದು ಬೇರೊಂದು ಮರದ್ದಾಗಿರಬಹುದು. ಕಡೆದವನಿಗೆ ಅದು ತಿಳಿದಿರುತ್ತದೆ, ಕೊಳ್ಳುವವನಿಗೆ ತಿಳಿಯದು. ಅಂತರಜಾಲಕ್ಕಾಗಿ ಮನೆಗಳಲ್ಲಿ ಇರಿಸುವ ವೈಫೈ ರೂಟರ್ ಎಂಬ ಪೆಟ್ಟಿಗೆಯ ವಿಷಯವೂ ಹೀಗೆಯೇ.

ರೂಟರ್ ಎಂಬುದು ಒಂದು ಚಿಕ್ಕ ಗಣಕಯಂತ್ರವೇ ಸರಿ. ಲೆಕ್ಕ ಮಾಡುವ ಪ್ರೊಸೆಸರ್, ಕೆಲಸದ ವೇಳೆಯಲ್ಲಿ ಮಾತ್ರ ಬಳಕೆಯಾಗುವ ರ‍್ಯಾಮ್ ಸ್ಮೃತಿ, ವಿದ್ಯುತ್ತು ಹೋದರೂ ಅಳಿಯದ ಫ್ಲ್ಯಾಶ್ ಸ್ಮೃತಿ, ಅಲೆಗಳನ್ನು ಕಳುಹಿಸಿ ಪಡೆಯುವ ರೇಡಿಯೊ ಇವೆಲ್ಲವೂ ಅದರೊಳಗಿವೆ. ಇವುಗಳ ಅಳತೆ ಮಾದರಿಯಿಂದ ಮಾದರಿಗೆ ಬೇರೆಯಾಗುತ್ತದೆ. ಸೋಜಿಗವೆಂದರೆ, ಒಮ್ಮೊಮ್ಮೆ ಒಂದೇ ಮಾದರಿಯೊಳಗೂ ಬೇರೆಯಾಗುತ್ತದೆ. ಲಿಂಕ್‌ಸಿಸ್ ಸಂಸ್ಥೆಯು 2002ರಲ್ಲಿ ಹೊರತಂದ ಡಬ್ಲ್ಯುಆರ್‌ಟಿ54ಜಿ ಎಂಬ ರೂಟರ್ ಬಹು ಜನಪ್ರಿಯವಾಯಿತು. ಅದರ ನಾಲ್ಕನೆಯ ಆವೃತ್ತಿಯಲ್ಲಿ 16 ಮೆಗಾಬೈಟ್ ರ‍್ಯಾಮ್, 4 ಮೆಗಾಬೈಟ್ ಫ್ಲ್ಯಾಶ್ ಇದ್ದವು. 2005ರಲ್ಲಿ ಬಂದ ಐದನೆಯ ಆವೃತ್ತಿಯಲ್ಲಿ ಅವು 8 ಮತ್ತು 2 ಮೆಗಾಬೈಟ್‌ಗಳಿಗೆ ಇಳಿದವು. ಹೆಸರು ಮಾತ್ರ ಬದಲಾಗಲಿಲ್ಲ! ಹಿಂದಿನ ಆವೃತ್ತಿಗಳಿಗೆಂದು ಉತ್ಸಾಹಿಗಳು ಬರೆದಿದ್ದ ತಂತ್ರಾಂಶಕ್ಕೆ ಹೊಸ ಪೆಟ್ಟಿಗೆಯಲ್ಲಿ ಎಡೆಯಿಲ್ಲದಂತಾಯಿತು. ಬಳಿಕ ಸಂಸ್ಥೆಯು ಹಳೆಯ ಅಳತೆಯ ಪೆಟ್ಟಿಗೆಯನ್ನೇ ಡಬ್ಲ್ಯುಆರ್‌ಟಿ54ಜಿಎಲ್ ಎಂಬ ಹೆಸರಿನಿಂದ ಮಾರಿತು. ಆದುದರಿಂದ ಕೊಳ್ಳುವಾಗ ಪೆಟ್ಟಿಗೆಯ ತಳದ ಚೀಟಿಯಲ್ಲಿ ಆವೃತ್ತಿಯ ಸಂಖ್ಯೆಯನ್ನೂ ಓದಬೇಕು.

ಕನಕಪುರದ ಒಂದು ಕುಟುಂಬವು ಸೆಕೆಂಡಿಗೆ 200 ಮೆಗಾಬಿಟ್ ವೇಗಕ್ಕೆಂದು ತಿಂಗಳು ತಿಂಗಳೂ ಹಣ ತೆರುತ್ತಿದೆಯೆಂದು ಭಾವಿಸೋಣ. ರೂಟರಿನ ತಂತಿದ್ವಾರವು 100 ಮೆಗಾಬಿಟ್ಟಿನದಾದರೆ ಉಳಿದ ಅರ್ಧ ವೇಗವು ಆ ಮನೆಯೊಳಕ್ಕೆ ಬರುವುದೇ ಇಲ್ಲ. ಹೊರಗಿನ ಕೊಂಬುಗಳು ನಾಲ್ಕಿದ್ದರೂ ಆರಿದ್ದರೂ ಅಷ್ಟೆ. ಆ ಕುಟುಂಬಕ್ಕೆ ಬೇಕಾದುದು ಗಿಗಾಬಿಟ್ ದ್ವಾರ.

ರೇಡಿಯೊ ವಿಷಯದಲ್ಲಿ ಮನೆಯ ಗೋಡೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅಗ್ಗದ ಕೆಲವು ರೂಟರುಗಳಲ್ಲಿ 2.4 ಗಿಗಾಹರ್ಟ್ಸ್ ರೇಡಿಯೊ ಒಂದೇ ಇರುತ್ತದೆ. ಬೇರೆಯವುಗಳಲ್ಲಿ 5 ಗಿಗಾಹರ್ಟ್ಸಿನದೂ ಇರುತ್ತದೆ. ಮೊದಲನೆಯದರ ಅಲೆಯುದ್ದ ಸುಮಾರು 12 ಸೆಂಟಿಮೀಟರ್, ಎರಡನೆಯದರದು ಸುಮಾರು 6. ಕಿರಿದಾದ ಅಲೆಯು ಹೆಚ್ಚು ವೇಗವಾಗಿ ಮಾಹಿತಿಯನ್ನು ಹೊರಬಲ್ಲುದಾದರೂ ಗೋಡೆಗಳನ್ನು ದಾಟುವಾಗ ಬೇಗ ಸೊರಗುತ್ತದೆ. ರಾಮನಗರ, ಮಾಗಡಿಗಳ ಸುತ್ತ ಬಂಡೆಗೆ ಬರವೆಲ್ಲಿ? ದಪ್ಪ ಕಲ್ಲುಗೋಡೆಯ ಮನೆಯ ಪಡಸಾಲೆಯಲ್ಲಿ ಚುರುಕಾಗಿರುವ 5 ಗಿಗಾಹರ್ಟ್ಸ್, ಓದುವ ಹುಡುಗಿ ಕುಳಿತಿರುವ ಹಿಂದಿನ ಕೋಣೆಯನ್ನು ಮುಟ್ಟದೆ ಹೋಗಬಹುದು. ಅಲ್ಲಿ 2.4ರ ನಿಧಾನವಾದ ಅಲೆಯೇ ಆಸರೆ. ಎರಡೂ ಇರುವ ಪೆಟ್ಟಿಗೆಯನ್ನು ಮನೆಯ ನಡುವೆ, ಎತ್ತರದಲ್ಲಿ ಇರಿಸುವುದು ಲೇಸು.

ಕಡೆಯದಾಗಿ ಅಡಾಪ್ಟರ್. ಒಂದು ಮಾದರಿಯದು 9 ವೋಲ್ಟ್, ಮತ್ತೊಂದರದು 12 ವೋಲ್ಟ್ ಆಗಿದ್ದು, ಎರಡರ ಮೂತಿಯೂ ಒಂದೇ ತೂತಿಗೆ ಹೊಂದುವುದುಂಟು. ಅದಲುಬದಲಾದರೆ ರೂಟರ್ ಸುಟ್ಟುಹೋದೀತು.