ಅರ್ಬುದ ರೋಗಿಯ ಮನಸ್ಸು ಮತ್ತು ನಿರಾಕರಣೆ

ಕ್ಯಾನ್ಸರ್ ಎಂಬ ಮಾತು ಕಿವಿಗೆ ಬಿದ್ದೊಡನೆ ಅನೇಕರ ಮನಸ್ಸು ಮೊದಲು ಮಾಡುವ ಕೆಲಸವೆಂದರೆ ಅದನ್ನು ಒಪ್ಪದಿರುವುದು. ‘ಪ್ರಯೋಗಾಲಯದವರು ಹೆಸರು ಅದಲುಬದಲು ಮಾಡಿರಬೇಕು’, ‘ಇದು ಬರೀ ಗಂಟು, ತಾನಾಗಿ ಕರಗುತ್ತದೆ’ ಎಂಬ ಮಾತುಗಳು ವಿದ್ಯಾವಂತರ ಬಾಯಿಂದಲೂ ಬರುತ್ತವೆ. ಮನೋವಿಜ್ಞಾನಿಗಳು ಇದನ್ನು ‘ನಿರಾಕರಣೆ’ ಎನ್ನುತ್ತಾರೆ. ಇದು ಸುಳ್ಳಲ್ಲ, ಸುಳ್ಳಾಡುವವನಿಗೆ ನಿಜದ ಅರಿವು ಸ್ಪಷ್ಟವಾಗಿರುತ್ತದೆ. ಅಜ್ಞಾನವೂ ಅಲ್ಲ, ಅಜ್ಞಾನವು ತಿಳಿಸಿ ಹೇಳಿದರೆ ನೀಗುತ್ತದೆ. ನಿರಾಕರಣೆಯಲ್ಲಾದರೋ, ಮನಸ್ಸು ಸಹಿಸಲಾರದ ಆಘಾತದಿಂದ ತನ್ನನ್ನು ಕಾಪಾಡಿಕೊಳ್ಳಲು, ತಿಳಿದುದನ್ನೇ ತನಗರಿವಿಲ್ಲದಂತೆ ಬದಿಗೆ ಸರಿಸುತ್ತದೆ. ಇದೊಂದು ಗುರಾಣಿ.

ಮೂರು ಬಗೆಗಳು

ಮರಣಾಸನ್ನ ರೋಗಿಗಳೊಡನೆ ಮಾತನಾಡಿ ಎಲಿಜಬೆತ್ ಕ್ಯೂಬ್ಲರ್-ರಾಸ್ ಅವರು 1969ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ರೋಗಿಯ ಮನಸ್ಸಿನ ಐದು ಹಂತಗಳಲ್ಲಿ ನಿರಾಕರಣೆಗೆ ಮೊದಲ ಸ್ಥಾನವಿದೆ. ಆದರೆ ಈ ಹಂತಗಳು ಎಲ್ಲರಲ್ಲಿಯೂ ಅದೇ ಕ್ರಮದಲ್ಲಿ ಬರುವುದಿಲ್ಲ. 1972ರಲ್ಲಿ ಅಮೆರಿಕದ ಮನೋವೈದ್ಯ ಏವರಿ ವೈಸ್‌ಮನ್ ಅವರು ನಿರಾಕರಣೆಯಲ್ಲಿಯೇ ಮೂರು ಬಗೆಗಳನ್ನು ಗುರುತಿಸಿದರು. ರೋಗವೇ ಇಲ್ಲವೆನ್ನುವುದು ಮೊದಲನೆಯದು. ರೋಗವನ್ನು ಒಪ್ಪಿದರೂ ಅದರ ಪರಿಣಾಮಗಳನ್ನು ಒಪ್ಪದಿರುವುದು ಎರಡನೆಯದು. ಇವೆರಡನ್ನೂ ಒಪ್ಪಿ, ಸಾವನ್ನು ಮಾತ್ರ ದೂರವಿಡುವುದು ಮೂರನೆಯದು. ಅರಿವು ಮತ್ತು ಮರೆವುಗಳ ನಡುವಣ ಸ್ಥಿತಿಯೊಂದನ್ನೂ ಅವರು ವಿವರಿಸಿದರು. ಬೆಳಿಗ್ಗೆ ಮೃತ್ಯುಪತ್ರದ ಮಾತೆತ್ತಿದ ರೋಗಿಯು ಸಂಜೆ ಮುಂದಿನ ವರ್ಷದ ಕಾಶಿಯಾತ್ರೆಯ ಏರ್ಪಾಡನ್ನು ಚರ್ಚಿಸಬಹುದು. ಇದರಲ್ಲಿ ಆಶ್ಚರ್ಯಪಡುವಂಥದೇನೂ ಇಲ್ಲ.

ಎಂದು ಅಪಾಯ?

ಗುರಾಣಿಯನ್ನು ಕಸಿದುಕೊಳ್ಳಬೇಕೇ, ಬಿಡಬೇಕೇ? ಇದಕ್ಕೆ ಒರೆಗಲ್ಲು ಒಂದೇ: ಅದು ಚಿಕಿತ್ಸೆಗೆ ಅಡ್ಡಬರುತ್ತಿದೆಯೇ? ಸ್ತನದಲ್ಲಿ ಗಂಟು ಕಂಡರೂ, ತಂಬಾಕು ಅಗಿಯುವವರ ಬಾಯಿಯ ಹುಣ್ಣು ಮೂರು ವಾರ ಕಳೆದರೂ ಮಾಯದಿದ್ದರೂ, ‘ಏನೂ ಇಲ್ಲ’ವೆಂದು ತಿಂಗಳುಗಳನ್ನು ಕಳೆಯುವುದು ಪ್ರಾಣಕ್ಕೇ ಸಂಚಕಾರ. ಮೊದಲ ಹಂತದಲ್ಲಿ ಗುಣಪಡಿಸಬಹುದಾದ ರೋಗವು ಆ ಕಾಲಹರಣದಲ್ಲಿ ಕೈಮೀರಬಹುದು. ಅಂತಹಲ್ಲಿ ಸುಮ್ಮನಿರುವುದು ಕರುಣೆಯಲ್ಲ. ಆದರೆ ಶಸ್ತ್ರಚಿಕಿತ್ಸೆ, ವಿಕಿರಣ ಚಿಕಿತ್ಸೆಗಳನ್ನು ತಪ್ಪದೆ ಪಡೆಯುತ್ತ, ರೋಗದ ಹೆಸರನ್ನು ಮಾತ್ರ ಉಚ್ಚರಿಸದ ರೋಗಿಯನ್ನು ‘ನಿಜವನ್ನು ಒಪ್ಪಿಕೊಳ್ಳಿ’ ಎಂದು ಪೀಡಿಸುವುದರಿಂದ ಯಾವ ಪ್ರಯೋಜನವೂ ಇಲ್ಲ.

ಮನೆಯವರ ಮೌನ

ನಿರಾಕರಣೆಯಂತೆಯೇ ತೋರುವ ಇನ್ನೊಂದು ಸ್ಥಿತಿಯುಂಟು. ಪರೇಲ್‌ನಲ್ಲಿ 1941ರಲ್ಲಿ ಆರಂಭವಾದ ಟಾಟಾ ಸ್ಮಾರಕ ಆಸ್ಪತ್ರೆಗೆ ಊರ ಕಡೆಯಿಂದ ಬರುವ ಬಂಧುಗಳಿಗೆ ಆಶ್ರಯವಿತ್ತ ಮುಂಬಯಿ ಕನ್ನಡಿಗರಿಗೆ ಇದು ಅಪರಿಚಿತವಲ್ಲ. ಮಕ್ಕಳು ವೈದ್ಯರನ್ನು ಬದಿಗೆ ಕರೆದು ‘ಅಪ್ಪನಿಗೆ ಹೇಳಬೇಡಿ’ ಎಂದು ಬೇಡಿಕೊಳ್ಳುತ್ತಾರೆ. ಅಕ್ಕಪಕ್ಕದ ಹಾಸಿಗೆಗಳನ್ನು ಕಂಡು, ತಲೆಗೂದಲು ಉದುರುವುದನ್ನು ಕಂಡು, ತಂದೆಗೆ ಎಲ್ಲವೂ ತಿಳಿದಿರುತ್ತದೆ. ಮಕ್ಕಳು ನೊಂದಾರೆಂದು ಅವರೂ ತಿಳಿಯದವರಂತಿರುತ್ತಾರೆ. ಹೀಗೆ ಪರಸ್ಪರ ಪ್ರೀತಿಯಿಂದಲೇ ಹುಟ್ಟಿದ ಮೌನವು ರೋಗಿಯನ್ನು ತನ್ನವರ ನಡುವೆಯೇ ಒಂಟಿಯಾಗಿಸುತ್ತದೆ. ಮನೆಯವರ ಮುಂದೆ ಏನನ್ನೂ ಕೇಳದವರು ದಾದಿಯನ್ನು ಗುಟ್ಟಾಗಿ ವಿಚಾರಿಸುವುದುಂಟು. ಕಾಲ ಬದಲಾಗುತ್ತದೆ ಎಂಬುದಕ್ಕೂ ನಿದರ್ಶನವಿದೆ: ಅಮೆರಿಕದಲ್ಲಿ 1961ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ನೂರಕ್ಕೆ ಸುಮಾರು 90 ವೈದ್ಯರು ರೋಗಿಗೆ ಹೇಳದಿರುವುದೇ ಲೇಸೆಂದರು, 1979ರ ಸಮೀಕ್ಷೆಯಲ್ಲಿ 97 ಮಂದಿ ಹೇಳುವುದೇ ಲೇಸೆಂದರು.

ನಾವು ಮಾಡಬೇಕಾದುದು

ಮೊದಲು ಕೇಳಬೇಕು, ಆಮೇಲೆ ಹೇಳಬೇಕು. ‘ಮಾವನವರೇ, ವೈದ್ಯರ ಮಾತು ಕೇಳಿ ತಮಗೇನನಿಸಿತು?’ ಎಂಬ ಪ್ರಶ್ನೆಯು ಬಾಗಿಲನ್ನು ತೆರೆದಿಡುತ್ತದೆ; ಒಳಬರುವುದು, ಬಿಡುವುದು ಅವರ ಇಚ್ಛೆ. ವಾದಿಸಬಾರದು. ‘ನಾಳೆಯೇ ಗುಣವಾಗುತ್ತದೆ’ ಎಂಬ ಹುಸಿ ಭರವಸೆಯನ್ನೂ ಕೊಡಬಾರದು. ಚಿಕಿತ್ಸೆಗೆ ಒಲ್ಲೆನೆನ್ನುವವರಲ್ಲಿ ರೋಗದ ಹೆಸರಿಗಾಗಿ ಹಟ ಹಿಡಿಯದೆ, ‘ಈ ಗಂಟನ್ನು ಈ ವಾರವೇ ತೋರಿಸೋಣ, ನಾನೂ ಬರುತ್ತೇನೆ’ ಎಂದರೆ ಕೆಲಸ ಸಾಧಿಸುತ್ತದೆ. ಅವರು ತಾವಾಗಿ ಕೇಳಿದ ದಿನ, ಕೇಳಿದಷ್ಟಕ್ಕೆ, ಮೆಲ್ಲನೆ ನಿಜವನ್ನೇ ಹೇಳಬೇಕು. ಹಣಕಾಸಿನ ವ್ಯವಸ್ಥೆ, ಮಕ್ಕಳಿಗೆ ಹೇಳಬೇಕಾದ ಮಾತು, ನೋಡಬೇಕೆನಿಸಿದ ಬಂಧುಗಳು—ಇವೆಲ್ಲಕ್ಕೂ ಸಮಯ ಬೇಕು. ಆ ಸಮಯವು ರೋಗಿಯ ಸ್ವತ್ತು.

ಗುರಾಣಿಯ ಭಾರ ತಾಳಲಾರದೆ ರೋಗಿಯು ಅದನ್ನು ಕೆಳಗಿಳಿಸುವ ಗಳಿಗೆ ಬರಬಹುದು. ಆಗ ಪಕ್ಕದಲ್ಲಿ ಕುಳಿತು ಕೇಳುವವರೊಬ್ಬರು ಇರಬೇಕಾದುದು ಅಗತ್ಯ.