ಮೂರು ಸಲ ಮುರಿದ ಶಾಫ್ಟು, ಒಂದು ಸತ್ತ ಬಲ್ಬು

ಒಂದು ಪಾರ್ಟು ಒಂದು ಸಲ ಮುರಿದರೆ ಬದಲಾಯಿಸಬಹುದು. ಅದೇ ಪಾರ್ಟು ಮೂರು ಸಲ ಮುರಿದರೆ ಬದಲಾಯಿಸೋದನ್ನ ನಿಲ್ಲಿಸಿ ಯೋಚನೆ ಮಾಡಬೇಕು. ಈ ಪಾಠವನ್ನ ನಾವು ಕಲಿತದ್ದು ಕ್ಲಾಸಿನಲ್ಲಲ್ಲ, ಮೂಡಿಗೆರೆ ಕಡೆಯ ಒಂದು ಕಾಫಿ ತೋಟದ ಶೆಡ್ಡಿನಲ್ಲಿ.

ಸೆಮಿಸ್ಟರ್ ರಜೆಯಲ್ಲಿ ನಾವು ನಾಲ್ಕು ಜನ ಕ್ಲಾಸ್‌ಮೇಟ್ ಒಬ್ಬನ ಚಿಕ್ಕಪ್ಪನ ಮನೆಗೆ ಹೋಗಿದ್ದೆವು. ಅಲ್ಲಿ ಒಂದು ಫೋರ್ ವೀಲ್ ಡ್ರೈವ್ ಪಿಕಪ್ ಇತ್ತು. ಒಂದು ವರ್ಷದಲ್ಲಿ ಅದರ ಮುಂದಿನ ಪ್ರೊಪೆಲ್ಲರ್ ಶಾಫ್ಟು ಮೂರು ಸಲ ಕೈಕೊಟ್ಟಿತ್ತು. ಮೊದಲೆರಡು ಸಲ ಕ್ರಾಸ್ ಹೋಯಿತು. ಎರಡನೇ ಸಲ ಟ್ಯೂಬೂ ಹಾಳಾಗಿ, ಊರಲ್ಲೇ ತೆಳುವಾದ ಬೇರೆ ಟ್ಯೂಬ್ ವೆಲ್ಡ್ ಮಾಡಿಸಿದ್ದರು. ಮೂರನೇ ಸಲ ಆ ಟ್ಯೂಬೇ ತಿರುಚಿಕೊಂಡು, ಶಾಫ್ಟು ಕಳಚಿ ಬ್ರೇಕ್ ಪೈಪಿಗೆ ಬಡಿದಿತ್ತು. ಚಾರ್ಮಾಡಿ ಘಾಟಿಯಲ್ಲಿ ಹೀಗಾಗಿದ್ದರೆ ಏನು ಗತಿ?

“ಡ್ರೈವರ್ ಕೆಸರಲ್ಲಿ ಆಕ್ಸಿಲರೇಟರ್ ತುಳೀತಾನೆ, ಅದಕ್ಕೇ ಮುರಿಯೋದು” ಅಂತ ಎಲ್ಲರೂ ತೀರ್ಮಾನ ಮಾಡಿಬಿಟ್ಟಿದ್ದರು. ಖರ್ಚನ್ನ ಅವರ ಸಂಬಳದಲ್ಲಿ ಹಿಡಿಯುವ ಮಾತೂ ನಡೆದಿತ್ತು. ಮೇಸ್ತ್ರಿಯ ಸಲಹೆ: “ಈ ಸಲ ದಪ್ಪ ಟ್ಯೂಬ್ ಹಾಕ್ಸಿ, ಜನ್ಮಕ್ಕೆ ಮುರಿಯಲ್ಲ.”

ನಮ್ಮ ಮೊದಲ ತಪ್ಪು

ಮುರಿದ ಶಾಫ್ಟು ಶೆಡ್ಡಿನಲ್ಲೇ ಬಿದ್ದಿತ್ತು. ನೋಡಿದ ತಕ್ಷಣ ನಮಗೆ ಖುಷಿಯೋ ಖುಷಿ: ಎರಡು ತುದಿಯ ಯೋಕ್‌ಗಳು ಒಂದೇ ಸಾಲಿನಲ್ಲಿ ಇರಲಿಲ್ಲ!

ಥಿಯರಿ ಆಫ್ ಮಷೀನ್ಸ್‌ನಲ್ಲಿ ಹುಕ್ಸ್ ಜಾಯಿಂಟ್ ಓದಿದ್ದೇವಲ್ಲ. ಕೋನ β ಇದ್ದಾಗ ಒಂದು ಜಾಯಿಂಟಿನ ಔಟ್‌ಪುಟ್ ವೇಗ ಪ್ರತಿ ಸುತ್ತಿನಲ್ಲಿ ಎರಡು ಸಲ ಏರಿಳಿಯುತ್ತೆ, cos β ಪಟ್ಟಿನಿಂದ 1/cos β ಪಟ್ಟಿನವರೆಗೆ. ಕೋನ 20 ಡಿಗ್ರಿ ಇದ್ದರೆ ಹೆಚ್ಚುಕಡಿಮೆ ಶೇ. 6ರಷ್ಟು ಮೇಲೆ, ಶೇ. 6ರಷ್ಟು ಕೆಳಗೆ. ಎರಡೂ ಕಡೆಯ ಕೋನ ಸಮ ಇದ್ದು, ಯೋಕ್‌ಗಳು ಒಂದೇ ಸಾಲಲ್ಲಿದ್ದರೆ ಎರಡನೇ ಜಾಯಿಂಟು ಮೊದಲನೆಯದರ ಏರಿಳಿತವನ್ನ ಸರಿದೂಗಿಸುತ್ತೆ. ಸಾಲು ತಪ್ಪಿದರೆ ಅದುರಾಟ, ಕ್ರಾಸಿಗೆ ಪೆಟ್ಟು.

“ಮೇಸ್ತ್ರಿ ಸ್ಪ್ಲೈನ್ ತಪ್ಪಾಗಿ ಕೂರಿಸಿದ್ದಾರೆ” ಅಂತ ನಾವು ಘೋಷಿಸಿಬಿಟ್ಟೆವು. ಆಮೇಲೆ ಮಣ್ಣು ಒರೆಸಿ ನೋಡಿದರೆ ಸ್ಪ್ಲೈನಿನ ಬಾಣದ ಗುರುತುಗಳು ಎದುರುಬದುರಾಗಿ ಸರಿಯಾಗೇ ಇದ್ದವು. ಮೇಸ್ತ್ರಿಯ ತಪ್ಪಿಲ್ಲ. ಹಾಗಾದರೆ ಸಾಲು ತಪ್ಪಿದ್ದು ಹೇಗೆ? ಟ್ಯೂಬಿನ ಉದ್ದಕ್ಕೂ ನೇರವಾಗಿ ಇರಬೇಕಾದ ವೆಲ್ಡಿಂಗ್ ಗೆರೆ ಬಳ್ಳಿಯ ಹಾಗೆ ಸುತ್ತಿಕೊಂಡಿತ್ತು. ಟ್ಯೂಬು ತಿರುಚಿದ್ದರಿಂದ ಯೋಕ್ ಸಾಲು ತಪ್ಪಿತ್ತು. ನಾವು ಕಾರಣ ಅಂದುಕೊಂಡದ್ದು ಪರಿಣಾಮ ಆಗಿತ್ತು.

ತಿರುಚಿದ್ದು ಯಾವ ಕಡೆಗೆ?

ಮುಖ್ಯವಾದ ಪ್ರಶ್ನೆ ಇದು. ಇಂಜಿನ್ ಶಾಫ್ಟನ್ನ ಮುಂದಕ್ಕೆ ತಿರುಗಿಸುವಾಗ ಟ್ರಾನ್ಸ್‌ಫರ್ ಕೇಸ್ ಕಡೆಯ ತುದಿ ಮುಂದೆ ಹೋಗುತ್ತೆ, ಆಕ್ಸಲ್ ಕಡೆಯ ತುದಿ ಹಿಂದೆ ಉಳಿಯುತ್ತೆ. ಆಕ್ಸಿಲರೇಟರ್ ತುಳಿದು ಮುರಿದಿದ್ದರೆ ಗೆರೆ ಆ ದಿಕ್ಕಿಗೆ ಸುತ್ತಿರಬೇಕಿತ್ತು. ಇಲ್ಲಿ ಉಲ್ಟಾ! ಅಂದರೆ ಇಂಜಿನ್ ಅಲ್ಲ, ಚಕ್ರವೇ ಶಾಫ್ಟನ್ನ ತಿರುಚಿತ್ತು. ರಿವರ್ಸ್ ಗೇರಿನಲ್ಲಿ ಜೋರಾಗಿ ಎಳೆದರೂ, ಇಳಿಜಾರಿನಲ್ಲಿ ಇಂಜಿನ್ ಹಿಡಿದರೂ ಬಲ ಇದೇ ದಿಕ್ಕಿಗೆ ಬರುತ್ತೆ. ಹಾಗಾಗಿ ಇದೊಂದರಿಂದಲೇ ತೀರ್ಪು ಕೊಡುವಂತಿರಲಿಲ್ಲ.

ಈ ಗಾಡಿ ಪಾರ್ಟ್ ಟೈಮ್ ಫೋರ್ ವೀಲ್ ಡ್ರೈವ್. ನಡುವೆ ಡಿಫರೆನ್ಷಿಯಲ್ ಇಲ್ಲ. 4H ಹಾಕಿದರೆ ಮುಂದಿನ, ಹಿಂದಿನ ಶಾಫ್ಟುಗಳು ಒಂದೇ ವೇಗದಲ್ಲಿ ತಿರುಗಲೇಬೇಕು. ಆದರೆ ತಿರುವಿನಲ್ಲಿ ಮುಂದಿನ ಚಕ್ರಗಳು ಹೆಚ್ಚು ದೂರ ಹೋಗುತ್ತವೆ. ವೀಲ್‌ಬೇಸ್ 3 ಮೀಟರ್, ಹಿಂದಿನ ಆಕ್ಸಲಿನ ತಿರುವಿನ ತ್ರಿಜ್ಯ 7 ಮೀಟರ್ ಅಂತಿಟ್ಟುಕೊಳ್ಳಿ. ಪೈಥಾಗೊರಸ್ ಪ್ರಕಾರ ಮುಂದಿನದು 7.6 ಮೀಟರ್. ಒಂದು ಹೇರ್‌ಪಿನ್ ತಿರುವಿನಲ್ಲೇ ಸುಮಾರು 1.9 ಮೀಟರ್ ವ್ಯತ್ಯಾಸ.

ಇನ್ನು ಟೈರು. ಸೀಮೆಸುಣ್ಣದಲ್ಲಿ ಗುರುತು ಹಾಕಿ, ಗಾಡಿಯನ್ನ ತಳ್ಳಿ, ಹತ್ತು ಸುತ್ತಿಗೆ ಎಷ್ಟು ದೂರ ಅಂತ ಟೇಪಿನಲ್ಲಿ ಅಳೆದೆವು. ಹಿಂದಿನ ಹೊಸ ಟೈರು 22 ಮೀಟರ್, ಮುಂದಿನ ಸವೆದ ಟೈರು 21.5 ಮೀಟರ್. ಅಂದರೆ ನೇರ ರಸ್ತೆಯಲ್ಲೂ ಮುಂದಿನ ಚಕ್ರ ಕಿಲೋಮೀಟರಿಗೆ ಹತ್ತೂವರೆ ಸುತ್ತು ಹೆಚ್ಚು ತಿರುಗಬೇಕು. ಆಕ್ಸಲ್ ಅನುಪಾತ 4 ಅಂದರೆ ಶಾಫ್ಟಿನಲ್ಲಿ 42 ಸುತ್ತು! ತಿರುವೂ ಟೈರೂ ಎರಡೂ ಒಂದೇ ದಿಕ್ಕಿಗೆ ಸೇರಿಕೊಳ್ಳುತ್ತವೆ.

ಕೆಸರಲ್ಲಿ ಟೈರು ಜಾರಿ ಈ ವ್ಯತ್ಯಾಸವನ್ನ ನುಂಗಿಕೊಳ್ಳುತ್ತೆ. ಒಣ ಟಾರಿನಲ್ಲಿ ಸುಲಭಕ್ಕೆ ಜಾರಲ್ಲ. ಮುಂದಿನ ಆಕ್ಸಲ್ ಮೇಲೆ 900 ಕೆ.ಜಿ. ಭಾರ, ಟೈರಿನ ತ್ರಿಜ್ಯ 0.34 ಮೀಟರ್, ಟಾರಿನಲ್ಲಿ ಘರ್ಷಣೆ ಗುಣಾಂಕ 0.8 ಅಂತ ಹಿಡಿದರೆ, ಟೈರು ಜಾರುವ ಮುಂಚೆ ಶಾಫ್ಟಿನಲ್ಲಿ ಸುಮಾರು 600 ನ್ಯೂಟನ್ ಮೀಟರ್ ಟಾರ್ಕ್ ಕಟ್ಟಿಕೊಳ್ಳಬಹುದು. ಕೆಸರಿಗೆ 0.3 ಹಿಡಿದರೆ ಬರೀ 225. ಕೆಸರಲ್ಲಿ ತುಳಿದರೆ ಶಾಫ್ಟು ಮುರಿಯುತ್ತೆ ಅನ್ನೋ ಮಾತಿಗೆ ಲೆಕ್ಕವೇ ಒಪ್ಪಲ್ಲ.

ಡ್ರೈವರಣ್ಣನ ಉತ್ತರ

“ಅಣ್ಣಾ, ಟಾರಲ್ಲೂ ಫೋರ್ ವೀಲಲ್ಲೇ ಓಡಿಸ್ತೀರಾ?”

“ಇಲ್ಲಪ್ಪ, ಗೇಟ್ ದಾಟ್ತಿದ್ದಂಗೇ ನಾಬ್ ತಿರುಗಿಸಿ ಟೂ ವೀಲಿಗೆ ಹಾಕ್ತೀನಿ.”

“ಬಿಟ್ಟುಕೊಂಡಿದೆ ಅಂತ ಹೇಗೆ ಗೊತ್ತಾಗುತ್ತೆ?”

“ಮುಂಚೆ ಲೈಟ್ ಆರೋದು. ಆ ಲೈಟು ಹೋಗಿ ವರ್ಷದ ಮೇಲಾಯ್ತು. ಸಾವ್ಕಾರ್ರಿಗೆ ಹೇಳಿದ್ದೆ.”

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅಣ್ಣನಿಗೆ ದಿನಾ ಓಡಿಸೋ ಹಾಗೇ ಓಡಿಸಿ ಅಂದೆವು. ಮಣ್ಣಿನಲ್ಲಿ 4H, ಟಾರ್ ಬಂದಾಗ 2H, ಎರಡು ಕಿಲೋಮೀಟರ್ ಓಡಿಸಿ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿದರು. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಗೇರ್ ನ್ಯೂಟ್ರಲ್ ಮಾಡಿ, ಇಗ್ನಿಷನ್ ಆನ್ ಇಟ್ಟೆವು. ಹೊಸದಾಗಿ ಹಾಕಿದ್ದ ಶಾಫ್ಟನ್ನ ಕೈಯಲ್ಲಿ ಅಲ್ಲಾಡಿಸಿದರೆ ಚೂರೂ ಆಟ ಇಲ್ಲ, ಎಳೆದು ಕಟ್ಟಿದ ಹಗ್ಗದ ಹಾಗೆ ಬಿಗಿ. ಈಚೆ ಬಂದು ಮುಂದಿನ ಒಂದು ಚಕ್ರಕ್ಕೆ ಜಾಕ್ ಕೊಟ್ಟೆವು. ಚಕ್ರ ನೆಲ ಬಿಡುತ್ತಿದ್ದಂತೆ ತಾನಾಗೇ ಟಕ್ಕನೆ ತಿರುಗಿತು. ಮರುಕ್ಷಣ ಟ್ರಾನ್ಸ್‌ಫರ್ ಕೇಸಿನೊಳಗೆ “ಕ್ಲಿಕ್”. ಆಮೇಲೆ ಶಾಫ್ಟು ಸಲೀಸಾಗಿ ಆಡಿತು.

ಆಗಿದ್ದು ಇಷ್ಟೇ. ನಾಬ್ ತಿರುಗಿಸಿದರೂ, ಒಳಗಿನ ಡಾಗ್ ಕ್ಲಚ್ಚಿನ ಹಲ್ಲುಗಳ ಮೇಲೆ ಟಾರ್ಕ್ ಇರುವವರೆಗೆ ಸ್ಲೀವ್ ಜಾರಿ ಈಚೆ ಬರಲ್ಲ. ಟೈರುಗಳು ಸಮ ಇಲ್ಲದ್ದರಿಂದ ಆ ಟಾರ್ಕ್ ಸೊನ್ನೆಗೆ ಇಳಿಯುತ್ತಲೇ ಇರಲಿಲ್ಲ. ಬಲ್ಬು ಸತ್ತಿದ್ದರಿಂದ ಅದು ಯಾರಿಗೂ ಕಾಣುತ್ತಲೂ ಇರಲಿಲ್ಲ. ಒಂದು ವರ್ಷ ಅಣ್ಣ ಟೂ ವೀಲ್ ಅಂದುಕೊಂಡು ಫೋರ್ ವೀಲಲ್ಲೇ ಟಾರಲ್ಲಿ ಓಡಿಸಿದ್ದರು.

ದಪ್ಪ ಟ್ಯೂಬ್ ಹಾಕಿದ್ದರೆ? ಶಾಫ್ಟು ಉಳಿಯುತ್ತಿತ್ತೇನೋ. ಅದೇ ಟಾರ್ಕ್ ಟ್ರಾನ್ಸ್‌ಫರ್ ಕೇಸಿನ ಚೈನನ್ನೋ ಮುಂದಿನ ಕ್ರೌನ್ ಪಿನಿಯನ್ನನ್ನೋ ತಿನ್ನುತ್ತಿತ್ತು. ಖರ್ಚು ಹತ್ತು ಪಟ್ಟು.

ನಿಮಗೂ ಇಂಥ ಗಾಡಿ ಸಿಕ್ಕರೆ

1. ಮುರಿದ ಪಾರ್ಟನ್ನ ಗುಜರಿಗೆ ಹಾಕಬೇಡಿ. ಯಾವ ದಿಕ್ಕಿಗೆ ತಿರುಚಿದೆ ನೋಡಿ.
2. ಯೋಕ್ ಸಾಲು, ಸ್ಪ್ಲೈನ್ ಗುರುತು, ಎರಡೂ ಕಡೆಯ ಕೋನ ನೋಡಿ.
3. ನಾಲ್ಕೂ ಟೈರಿನ ಉರುಳುವ ಸುತ್ತಳತೆ ಅಳೆಯಿರಿ.
4. ಟೂ ವೀಲಿಗೆ ಹಾಕಿದ ಮೇಲೆ ನಿಜವಾಗಿ ಬಿಟ್ಟುಕೊಂಡಿದೆಯಾ ಪರೀಕ್ಷಿಸಿ. ಬಿಗಿ ಇದ್ದರೆ ನೇರವಾಗಿ ನಾಲ್ಕಡಿ ರಿವರ್ಸ್ ತೆಗೆದುಕೊಳ್ಳಿ.
5. ಜಾಕ್ ಕೊಡುವಾಗ ಚಕ್ರದ ಹತ್ತಿರ ಕೈ ಬೇಡ. ಬರೀ ಜಾಕ್ ನಂಬಿ ಗಾಡಿ ಕೆಳಗೆ ಹೋಗಬೇಡಿ, ಸ್ಟ್ಯಾಂಡ್ ಕೊಡಿ.
6. ಓಡಿಸುವವರನ್ನ ಮೊದಲೇ ಕೇಳಿ. ನಾವು ಕೊನೆಗೆ ಕೇಳಿದೆವು, ಅದು ನಮ್ಮ ಎರಡನೇ ತಪ್ಪು.

ಚಿಕ್ಕಪ್ಪ ಒಂದೇ ಅಳತೆಯ ನಾಲ್ಕು ಟೈರು ಹಾಕಿಸಿದರು, ಬಲ್ಬು ಬದಲಾಯಿಸಿದರು. ಸಂಬಳದ ಮಾತು ಮತ್ತೆ ಬರಲಿಲ್ಲ. ಒಂದು ಮಳೆಗಾಲ ಕಳೆದಿದೆ, ಶಾಫ್ಟು ಅದೇ ಇದೆ. ಮೊನ್ನೆ ಫೋನ್ ಮಾಡಿದಾಗ ಡ್ರೈವರಣ್ಣ ಹೇಳಿದ್ದು ಒಂದೇ ಮಾತು: “ಲೈಟ್ ಸರಿಯಾಗಿ ಆರ್ತಾ ಇದೆ ಕಣ್ರಪ್ಪಾ.”